ಮರಳಿ ಬಾರದ ಬಾಗಿಲು

“ನಾಯಿ ಮೊಲವನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಮೊಲವೇ ನಾಯಿಯನ್ನು ಅಟ್ಟಿಸಿಕೊಂಡು ಹೋಯಿತು,” ಎಂದು ಕೃಷ್ಣಪ್ರಸಾದ್ ತಮ್ಮ ಕೈಕೋಲನ್ನು ಜಟಪುರಾ ಬಾಗಿಲಿನ ಕಮಾನಿನತ್ತ ಎತ್ತಿದರು. “ಬೇಟೆಗೆ ಬಂದ ಗೊಂಡ ರಾಜ ಬಾಯಿ ಬಿಟ್ಟುಕೊಂಡು ನೋಡಿದನಂತೆ. ಮನೆಗೆ ಹೋಗಿ ರಾಣಿಗೆ ಹೇಳಿದ. ಮೊಲ ಓಡಿದ ದಾರಿಯಲ್ಲೇ ಗೋಡೆ ಕಟ್ಟಿಸು ಅಂದಳು ರಾಣಿ. ಚಂದ್ರಪುರದ ಕೋಟೆಗೋಡೆ ಹುಟ್ಟಿದ್ದು ಹಾಗೆ.”

ನಾಗಪುರದಿಂದ ಬಸ್ಸಿನಲ್ಲಿ ಬಂದಿದ್ದ ನಲವತ್ತು ಕನ್ನಡಿಗರು ಕತ್ತೆತ್ತಿ ನಿಂತು ಕೇಳುತ್ತಿದ್ದರು.

“ಇದು ನಮ್ಮ ಹಂಪಿಯ ಕತೆ ಅಲ್ವಾ ಸರ್? ಇಲ್ಲಿಯವರು ಕದ್ದಿರಬೇಕು,” ಎಂದರು ಅಪ್ಪಣ್ಣ. ವಾಯುಸೇನೆಯಿಂದ ನಿವೃತ್ತರಾದ ಕೊಡಗಿನವರು. ಮೀಸೆ ಇನ್ನೂ ನಿವೃತ್ತಿಯಾಗಿರಲಿಲ್ಲ.

“ಮೊಲಗಳಿಗೆ ಊರು ಕಟ್ಟಿಸೋದೇ ಕೆಲಸ ಅಂತ ಕಾಣುತ್ತೆ,” ಎಂದರು ಅವರ ಹೆಂಡತಿ ದೇಚಮ್ಮ. “ನೀವು ಇಪ್ಪತ್ತೈದು ವರ್ಷ ಓಡಾಡಿ ಒಂದು ಸೈಟಿಗೂ ಬೇಲಿ ಹಾಕಿಸಲಿಲ್ಲ.”

ಎಲ್ಲರೂ ನಕ್ಕರು. ಮೈತ್ರೇಯಿಯೂ ನಕ್ಕಳು. ಆದರೆ ಅವಳ ಕಣ್ಣು ಬಾಗಿಲಿನ ಮೇಲಿರಲಿಲ್ಲ. ಬಾಗಿಲು ತೋರಿಸುತ್ತಿದ್ದವರ ಮೇಲಿತ್ತು. ‘ಕದ್ದಿರಬೇಕು’ ಎಂಬ ಮಾತು ಬಿದ್ದಾಗ ಕೃಷ್ಣಪ್ರಸಾದರ ಕೈಕೋಲು ಒಂದು ಗೇಣು ಕೆಳಗಿಳಿದದ್ದನ್ನು ಅವಳು ಗಮನಿಸಿದಳು.

ನಾಳೆ ಸೋಮವಾರ. ಬೆಳಿಗ್ಗೆ ಹನ್ನೊಂದಕ್ಕೆ ಅವಳ ಅಕ್ಕನ ಮಗ ವಿಜಯೇಂದ್ರನನ್ನು ಪೊಲೀಸರಿಗೆ ಒಪ್ಪಿಸುವುದೆಂದು ನಾಗಪುರದ ಕೋಟೆ ಅಭ್ಯಾಸ ಮಂಡಳ ತೀರ್ಮಾನಿಸಿತ್ತು. ಮಂಡಳದ ಕಪಾಟಿನಲ್ಲಿದ್ದ, ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಚಂದ್ರಪುರದ ಪುರಾತನ ನಕ್ಷೆ ಡಿಸೆಂಬರ್ ಹದಿನಾಲ್ಕರ ಭಾನುವಾರ ಕಾಣೆಯಾಗಿತ್ತು. ಅದರ ನಕಲು ತೆಗೆಯುವ ಕೆಲಸ ವಿಜಯೇಂದ್ರನದು. ಕಪಾಟಿನ ಬೀಗದ ಕೈಯೂ ಅವನ ಬಳಿಯೇ ಇರುತ್ತಿತ್ತು. ಹುಡುಗ ಕದ್ದೆ ಎನ್ನಲೂ ಇಲ್ಲ, ಕದ್ದಿಲ್ಲ ಎನ್ನಲೂ ಇಲ್ಲ.

ಅವನ ಕೊರಳಿಗೆ ಸುತ್ತಿಕೊಂಡದ್ದು ಒಂದು ಪತ್ರ. “ಆ ಭಾನುವಾರ ಹಳೆಯ ಸಹೋದ್ಯೋಗಿಯ ತಂದೆಯ ಅಂತ್ಯಕ್ರಿಯೆಗೆಂದು ಚಂದ್ರಪುರಕ್ಕೆ ಹೋಗಿದ್ದೆ. ಶವದ ಹಿಂದೆ ಕೋಟೆಯ ಕಿರುಬಾಗಿಲಾದ ಮಸಣ ಖಿಡಕಿಯಿಂದ ಹೊರಗೆ ಹೋಗಿ, ಸಂಸ್ಕಾರ ಮುಗಿಸಿ, ಸಂಜೆ ನಾಲ್ಕರ ಹೊತ್ತಿಗೆ ಅದೇ ಖಿಡಕಿಯಿಂದ ಒಳಗೆ ಬರುವಾಗ ಗೋಡೆಯ ಪಕ್ಕದಲ್ಲಿ ವಿಜಯೇಂದ್ರನನ್ನು ಕಂಡೆ. ಅವನ ಕಂಕುಳಲ್ಲಿ ಬಟ್ಟೆಯ ಸುರುಳಿ ಇತ್ತು.” ಹೀಗೆ ಬರೆದು ರುಜು ಹಾಕಿದವರು ಇದೇ ಕೃಷ್ಣಪ್ರಸಾದ್. ಮೈಸೂರಿನವರು, ಮೂವತ್ತು ವರ್ಷ ನಾಗಪುರದಲ್ಲಿ ಇತಿಹಾಸ ಕಲಿಸಿದವರು. ಅವರು ಬರೆದದ್ದನ್ನು ಮಂಡಳದಲ್ಲಿ ಯಾರೂ ಎರಡನೆಯ ಸಲ ಓದುವುದಿಲ್ಲ, ಅಷ್ಟು ನಂಬಿಕೆ.

ಮೈತ್ರೇಯಿ ಮಾತ್ರ ಆ ಪತ್ರದ ನಕಲನ್ನು ಎಂಟು ಸಲ ಓದಿದ್ದಳು. ಅವಳು ಪೊಲೀಸಿನವಳಲ್ಲ. ಸಿವಿಲ್ ಲೈನ್ಸಿನ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವವಳು. ಮಣ್ಣು ಕಂಡರೆ ಅದರ ಏರಿಳಿತ ಕೈಗೆ ತಾನೇ ಬರುತ್ತದೆ. ಜನ ಕಂಡರೂ ಅಷ್ಟೇ. ಹೋದ ಜೂನಿನಲ್ಲಷ್ಟೇ ಹೈದರಾಬಾದಿನಿಂದ ವರ್ಗವಾಗಿ ಬಂದಿದ್ದರಿಂದ ಕನ್ನಡ ಸಂಘದ ಬಸ್ಸಿನಲ್ಲಿ ಅವಳು ಯಾರ ಅಕ್ಕ, ಯಾರ ತಂಗಿ ಎಂಬುದು ಕೃಷ್ಣಪ್ರಸಾದರಿಗೆ ತಿಳಿದಿರಲಿಲ್ಲ. ಅವರ ಲೆಕ್ಕಕ್ಕೆ ಅವಳು ಇಪ್ಪತ್ತೇಳನೆಯ ಸೀಟಿನ ಪ್ರವಾಸಿ.

ಅವಳು ಅಕ್ಕನ ಮನೆಯಿಂದಲೇ ಹೊರಟು ಬಂದಿದ್ದಳು. ಬೆಳಿಗ್ಗೆ ಐದೂವರೆಗೆ, ನಾಗಪುರದ ಜನವರಿ ಚಳಿ ಹಲ್ಲು ಕಟಕಟ ಎನಿಸುತ್ತಿರುವಾಗ, ಸ್ವೆಟರ್ ತಂದಿಲ್ಲವೆಂದು ಗೊತ್ತಾಯಿತು. ಭಾವ ವ್ಯಾಸರಾಜರು ಗೂಟದ ಮೇಲಿದ್ದ ಅಕ್ಕನ ನೀಲಿ ಶಾಲನ್ನು ತೆಗೆದುಕೊಟ್ಟರು.

“ಅದು ಬ್ಯಾಡ, ಹರದದ,” ಎಂದು ಅಕ್ಕ ವತ್ಸಲಾ ಕೈಚಾಚಿದ್ದಳು. “ನನ್ನ ಸ್ವೆಟರ್ ಹಾಕ್ಕೋ.”

“ಹರದದ್ದು ಹೊಲದೀಯಲ್ಲ,” ಎಂದು ಮೈತ್ರೇಯಿ ಶಾಲಿನ ಮೂಲೆ ಎತ್ತಿ ತೋರಿಸಿ ನಕ್ಕಿದ್ದಳು. “ನೀಲಿ ಶಾಲಿಗೆ ಕೆಂಪು ದಾರ. ಅಚ್ಚುಕಟ್ಟಿನ ವತ್ಸಲಾಬಾಯಿ ಮಾಡೋ ಕೆಲಸ ಏನ ಇದು?”

“ಕೈಗೆ ಸಿಕ್ಕ ದಾರ,” ಎಂದಿದ್ದಳು ಅಕ್ಕ. ಮಗ ಪೊಲೀಸರ ಪಾಲಾಗುವ ಹೊತ್ತಿನಲ್ಲಿ ದಾರದ ಬಣ್ಣ ನೋಡುವ ಮನಸ್ಸು ಯಾವ ತಾಯಿಗೆ ಇರುತ್ತದೆ ಎಂದು ಮೈತ್ರೇಯಿಗೆ ತನ್ನ ಮಾತಿಗೆ ತನಗೇ ನಾಚಿಕೆಯಾಗಿತ್ತು. “ಆ ಹಾಳು ಗೋಡ್ಯಾಗ ಏನದ ಅಂತ ಹೋಗ್ತೀಯೋ. ನಾನಂತೂ ಆ ಊರು ಕಣ್ಣಿಂದ ನೋಡಿಲ್ಲ,” ಎಂದು ಅಕ್ಕ ಬಾಗಿಲು ಹಾಕಿಕೊಂಡಿದ್ದಳು.

ಹಾಳು ಗೋಡೆ ಎಂದ ಅಕ್ಕ ಇದನ್ನೊಮ್ಮೆ ನೋಡಬೇಕಿತ್ತು.

ಕಮಾನಿನ ಎರಡೂ ಪಕ್ಕದಲ್ಲಿ ಆನೆಯ ಮೇಲೆ ಎರಗಿ ನಿಂತ ಸಿಂಹ, ಗೊಂಡ ಅರಸರ ಗುರುತು. ಆನೆ ಗಾತ್ರದಲ್ಲಿ ಚಿಕ್ಕದು, ಸಿಂಹ ದೊಡ್ಡದು. ಕೆತ್ತಿದವನಿಗೆ ಪ್ರಮಾಣಕ್ಕಿಂತ ಪರಾಕ್ರಮ ಮುಖ್ಯವಾಗಿತ್ತು. ಆ ಸಿಂಹದ ಕೆಳಗೇ ಆಟೋಗಳು ಹಾರ್ನ್ ಹೊಡೆಯುತ್ತ ನುಗ್ಗುತ್ತಿದ್ದವು, ಕಿತ್ತಳೆಯ ಕೈಗಾಡಿಯವನು ಕೂಗುತ್ತಿದ್ದ, ಒಬ್ಬ ಅಜ್ಜ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಐನೂರು ವರ್ಷದ ಬಾಗಿಲು ಇವತ್ತಿನ ದಿನದ ಕೆಲಸವನ್ನೂ ಮಾಡಿಕೊಂಡು ಹೋಗುತ್ತಿತ್ತು. ಎಷ್ಟೋ ಕೋಟೆಗಳನ್ನು ಮೈತ್ರೇಯಿ ನೋಡಿದ್ದಳು. ಅವೆಲ್ಲ ಟಿಕೆಟ್ಟು ಕೊಟ್ಟು ನೋಡುವ ಕೋಟೆಗಳು. ಇದು ಜನ ಹಾಲು ತರಲು ಹೋಗುವ ಕೋಟೆ. ಅವಳಿಗೆ ಅದು ತುಂಬ ಇಷ್ಟವಾಯಿತು.

ಒಳಗೆ ನಡೆಯುತ್ತ ಹೋದಂತೆ ಇಷ್ಟ ಹೆಚ್ಚಾಯಿತು. ಮನೆಗಳ ಹಿಂದಿನಿಂದ, ಶಾಲೆಯ ಅಂಗಳದ ಪಕ್ಕದಿಂದ, ಬೇವಿನ ಮರಗಳ ನಡುವಿನಿಂದ ಕಂದುಗಲ್ಲಿನ ಗೋಡೆ ಬಾಗುತ್ತ ಬಳುಕುತ್ತ ಸಾಗಿತ್ತು. ನಕ್ಷೆ ಬರೆಯುವವರು ಗೆರೆಯನ್ನು ನೇರ ಎಳೆಯಲು ಸಾಯುತ್ತಾರೆ. ಇಲ್ಲಿ ಯಾರೂ ಆ ಪ್ರಯತ್ನವನ್ನೇ ಮಾಡಿರಲಿಲ್ಲ. ಮೊಲ ಹೆದರದೆ ಓಡಿದರೆ ಹೀಗೇ ಓಡುತ್ತದೆ.

“ಬುರುಜು ಎಣಿಸ್ತಾ ಇದ್ದೀರಾ ಮೇಡಮ್?” ಎಂದು ಕೃಷ್ಣಪ್ರಸಾದ್ ಪಕ್ಕಕ್ಕೆ ಬಂದರು.

“ಎಣಿಸೋದು ಬಿಟ್ಟೆ ಸರ. ನೋಡೋದರಾಗ ಮರತುಹೋಯ್ತು.”

ಅವರ ಮುಖ ಅರಳಿತು. “ಹಾಗೆ ನೋಡೋರು ಕಡಿಮೆ. ನಾಲ್ಕು ದೊಡ್ಡ ಬಾಗಿಲು, ಐದು ಖಿಡಕಿ. ಖಿಡಕಿ ಅಂದರೆ ಇಲ್ಲಿ ಗೋಡೆಯ ಕಿರುಬಾಗಿಲು. ಒಂದೊಂದಕ್ಕೂ ಒಂದೊಂದು ಕೆಲಸ. ಗೋಡೆ ಕಟ್ಟಿದವನು ದೊಡ್ಡವನಲ್ಲ ಮೇಡಮ್. ಎಲ್ಲಿ ತೂತು ಬಿಡಬೇಕು ಅಂತ ತಿಳಿದವನು ದೊಡ್ಡವನು.”

ಮನುಷ್ಯ ಸುಳ್ಳುಗಾರ ಎಂದು ನಂಬಿಕೊಂಡು ಬಂದವಳಿಗೆ ಆ ಮಾತು ಕೇಳಿ ಕಸಿವಿಸಿಯಾಯಿತು. ಇಷ್ಟು ಚೆನ್ನಾಗಿ ಮಾತಾಡುವವರ ಮೇಲೆ ಸಂಶಯ ಇಟ್ಟುಕೊಳ್ಳುವುದು ಸುಲಭದ ಕೆಲಸವಲ್ಲ.

“ಹಂಗಾರ ಮಸಣ ಖಿಡಕಿ ತೋರಿಸ್ರಿ,” ಎಂದಳು.

ಅವರು ಕೈಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. “ಅದರಲ್ಲಿ ನೋಡೋದೇನಿಲ್ಲ. ಹೆಣ ಒಯ್ಯೋ ದಾರಿ.”

“ನಾವೆಲ್ಲ ಒಂದಿನ ನೋಡೋದೇ ಅಲ್ವಾ,” ಎಂದರು ಅಪ್ಪಣ್ಣ ಹಿಂದಿನಿಂದ. “ಈಗಲೇ ಜಾಗ ನೋಡಿಟ್ಟುಕೊಳ್ಳೋಣ.”

ಅದು ನಿಜಕ್ಕೂ ಚಿಕ್ಕ ಬಾಗಿಲು. ಚಟ್ಟ ಹೊತ್ತ ನಾಲ್ಕು ಜನ ತಲೆ ತಗ್ಗಿಸಿ ದಾಟಬಹುದಾದಷ್ಟು. ಕದ ಎಂದೋ ಹೋಗಿತ್ತು; ಕದದ ಕಬ್ಬಿಣದ ಕೊಂಡಿ ಮಾತ್ರ ಕಲ್ಲಿನಿಂದ ಹೊರಗೆ ಬಾಗಿಕೊಂಡಿತ್ತು. ಮೈತ್ರೇಯಿ ಒಳಗಿನಿಂದ ಹೊರಗೆ ಇಣುಕುವಾಗ ಶಾಲು ಆ ಕೊಂಡಿಗೆ ಸಿಕ್ಕಿ ಎಳೆಯಿತು.

“ಹುಷಾರು. ಅದು ಎಲ್ಲರ ಬಟ್ಟೆಗೂ ಬಾಯಿ ಹಾಕುತ್ತೆ,” ಎಂದು ಕೃಷ್ಣಪ್ರಸಾದ್ ಬಿಡಿಸಿಕೊಟ್ಟರು.

ಖಿಡಕಿಯ ಒಳಮಗ್ಗುಲಿಗೆ, ಗೋಡೆಗೇ ಬೆನ್ನು ಕೊಟ್ಟ ಒಂದು ಹೆಂಚಿನ ಮನೆ. ಅಂಗಳದಲ್ಲಿ ಗೋಣಿಯ ಮೇಲೆ ಕುಳಿತ ಮುದುಕಿ ಹಳೆಯ ಸೀರೆಗಳನ್ನು ಪದರ ಪದರ ಹಾಸಿ ಕೌದಿ ಹೊಲಿಯುತ್ತಿದ್ದಳು. ಕನ್ನಡಕದ ಒಂದು ಕಿವಿಗೆ ಕಡ್ಡಿಯ ಬದಲು ದಾರ ಕಟ್ಟಿತ್ತು. ಮೈತ್ರೇಯಿ ಹತ್ತಿರ ಹೋದೊಡನೆ ಮುದುಕಿ ತಲೆಯೆತ್ತಿ ಮರಾಠಿಯಲ್ಲಿ, “ಆಲೀ ಕಾ ಬಾಯಿ ಪರತ್?” ಎಂದಳು. ಮತ್ತೆ ಬಂದೆಯಾ ತಾಯಿ, ಎಂದು.

ಮೈತ್ರೇಯಿ ನಕ್ಕಳು. ವ್ಯಾಪಾರದವರಿಗೆ ಎಲ್ಲರೂ ಹಳೆಯ ಗಿರಾಕಿಗಳೇ. ನಾಗಪುರದ ಇತವಾರಿ ಪೇಟೆಯ ಬಟ್ಟೆಯಂಗಡಿಯವನೂ ದಿನಾ ಹೀಗೇ ಕರೆಯುತ್ತಾನೆ.

ದೇಚಮ್ಮನಿಗೆ ಹೊರಸಿನ ಮೇಲೆ ಮಡಚಿಟ್ಟ ಇನ್ನೊಂದು ಕೌದಿ ಕಣ್ಣಿಗೆ ಬಿತ್ತು. ಹಳದಿ, ಹಸಿರು ತುಂಡುಗಳ ಮೇಲೆ ಕೆಂಪು ದಾರದ ಉದ್ದುದ್ದ ಹೊಲಿಗೆ, ಅಂಚಿನಿಂದ ಸುತ್ತು ಸುತ್ತಾಗಿ ನಡುವಿನವರೆಗೆ ಬಂದಿತ್ತು. “ಎಷ್ಟು ಚಂದ ಇದೆ,” ಎಂದು ಅವರು ಹಿಂದಿಯಲ್ಲಿ ಬೆಲೆ ಕೇಳಿದರು.

“ಅದು ಮಾರಾಟಕ್ಕಿಲ್ಲ. ಅದರ ಒಡತಿ ಬೇರೆ ಇದ್ದಾಳೆ,” ಎಂದು ಮುದುಕಿ ಮೈತ್ರೇಯಿಯ ಕಡೆ ನೋಡಿ ಬೊಚ್ಚುಬಾಯಿಯಲ್ಲಿ ನಕ್ಕಳು.

ಅಷ್ಟರಲ್ಲಿ ಗಲ್ಲಿಯ ತಿರುವಿನಲ್ಲಿ ತಾಳದ ಸದ್ದು ಕೇಳಿಸಿತು. ಚಟ್ಟ ಬರುತ್ತಿತ್ತು. ಪ್ರವಾಸಿಗರೆಲ್ಲ ಗೋಡೆಗೆ ಒತ್ತಿ ನಿಂತರು. ಅಪ್ಪಣ್ಣ ಟೋಪಿ ತೆಗೆದರು. ಹೊತ್ತವರು ಬಾಗಿ ಖಿಡಕಿ ದಾಟಿದರು. ಹಿಂದೆ ಮೂವತ್ತು ನಲವತ್ತು ಜನ ಒಬ್ಬರ ಹಿಂದೆ ಒಬ್ಬರು ನುಸುಳಿ ಹೋದರು. ಧೂಳು ಅಡಗಿತು. ಕೃಷ್ಣಪ್ರಸಾದ್ ಗುಂಪನ್ನು ಕರೆದುಕೊಂಡು ಮುಂದೆ ನಡೆದರು.

ಮೈತ್ರೇಯಿ ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಹಿಂದುಳಿದಳು.

“ಅಜ್ಜೀ, ಇವರೆಲ್ಲ ಎಷ್ಟೊತ್ತಿಗೆ ವಾಪಸ್ ಬರ್ತಾರೆ?” ಎಂದು ಮರಾಠಿಯಲ್ಲಿ ಕೇಳಿದಳು.

“ಎಲ್ಲಿಗೆ?”

“ಇಲ್ಲಿಗೇ. ಈ ಖಿಡಕಿಗೆ.”

ಮುದುಕಿಯ ಸೂಜಿ ನಿಂತಿತು. “ಬಿಡ್ತು ಅನ್ನು. ನಮ್ಮ ಪೇಟೆಯವರು ಯಾರಾದರೂ ಹೆಣದ ಹಿಂದೆ ಹೋದ ದಾರಿಯಲ್ಲಿ ಮರಳಿ ಬರುತ್ತಾರೆಯೇ? ನದಿಯಲ್ಲಿ ಮುಳುಗಿ, ಸುತ್ತು ಹಾಕಿ, ಪಠಾಣಪುರಾ ಬಾಗಿಲಿಂದ ಒಳಗೆ ಬರುತ್ತಾರೆ. ಸತ್ತವನು ಹಿಂದೆ ಬಿದ್ದರೆ ಅವನಿಗೆ ದಾರಿ ತಪ್ಪಬೇಕಲ್ಲ.”

“ಹೊರಗಿನವರು, ತಿಳಿಯದವರು ಬಂದರೆ?”

“ಬರಗೊಡಬೇಕಲ್ಲ. ಹೊಸಬನಿದ್ದರೆ ಹೆಗಲು ಹಿಡಿದು ತಿರುಗಿಸಿಕೊಂಡು ಹೋಗುತ್ತಾರೆ. ಮದುವೆಯಾಗಿ ಬಂದಾಗಿನಿಂದ ನಾನು ಇಲ್ಲೇ ಕೂತಿದ್ದೇನೆ. ಈ ಕಲಾವತಿಯ ಕಣ್ಣು ತಪ್ಪಿಸಿ ಒಬ್ಬನೂ ಬಂದಿಲ್ಲ.”

ಮೈತ್ರೇಯಿಯ ಎದೆ ಹಗುರವಾಯಿತು. ಎಂಟು ಸಲ ಓದಿದರೂ ಸಿಕ್ಕದ ಬಿರುಕು ಇಲ್ಲಿ, ಗೋಣಿಯ ಮೇಲೆ ಕುಳಿತ ಮುದುಕಿಯ ಬಾಯಲ್ಲಿ ಸಿಕ್ಕಿತ್ತು. ಅವಳು ಕಲಾವತಿಗೆ ಕೈಮುಗಿದು, ಎರಡೆರಡು ಹೆಜ್ಜೆಯನ್ನು ಒಂದು ಮಾಡಿಕೊಂಡು ಗುಂಪಿನ ಹಿಂದೆ ಓಡಿದಳು.

ಊಟ ಪಠಾಣಪುರಾ ಬಾಗಿಲಿನ ಪಕ್ಕದ ಬೇವಿನ ನೆರಳಲ್ಲಿ ನಡೆಯಿತು. ಚಪಾತಿ, ಹಸಿಖಾರ, ಮೊಸರನ್ನ. ದೇಚಮ್ಮ ಎಲ್ಲರಿಗೂ ಕಿತ್ತಳೆ ಸುಲಿದು ಹಂಚಿದರು. ಉಂಡವರು ಜಮಖಾನದ ಮೇಲೆ ಒರಗಿದರು. ಅಪ್ಪಣ್ಣ ಗೊರಕೆಯ ಬ್ಯಾಂಡು ಶುರುಮಾಡಿದರು.

ಕೃಷ್ಣಪ್ರಸಾದ್ ಮಾತ್ರ ಗೋಡೆಯ ಮೇಲೆ ಹತ್ತಿ ನಿಂತಿದ್ದರು. ಮೈತ್ರೇಯಿ ಮೆಟ್ಟಿಲು ಹತ್ತಿ ಹೋದಳು.

ಮೇಲಿನಿಂದ ಊರು ಕಾಣಿಸಿತು. ಒಂದು ಮಗ್ಗುಲಿಗೆ ಹೆಂಚು, ತಾರಸಿ, ಗುಡಿಯ ಶಿಖರ, ಒಣಹಾಕಿದ ಸೀರೆಗಳು. ಇನ್ನೊಂದು ಮಗ್ಗುಲಿಗೆ ಬಯಲು, ನದಿಯ ತಿಳಿಗೆರೆ, ದೂರದಲ್ಲಿ ಹೊಗೆಕೊಳವೆ. ನಡುವೆ ಈ ಗೋಡೆ. ಕಳುವಾದ ನಕ್ಷೆಯ ಒಂದು ಮಾಸಲು ಫೋಟೋವನ್ನು ಅವಳು ಮಂಡಳದಲ್ಲಿ ನೋಡಿದ್ದಳು. ಅದನ್ನು ಬರೆದವನು ಇಲ್ಲೇ ಎಲ್ಲೋ ನಿಂತು ಬರೆದಿರಬೇಕು. ಅವನ ಗೆರೆಯೊಳಗೆ ತಾನು ನಿಂತಿದ್ದೇನೆ ಎನಿಸಿ ಅವಳಿಗೆ ಮೈ ಜುಮ್ಮೆಂದಿತು.

“ಎಷ್ಟು ಚೆಂದ ಅದ ಸರ,” ಎಂದಳು, ಮನಸಾರೆ.

“ಅಲ್ವೇ? ಮೂವತ್ತು ವರ್ಷದಿಂದ ಬರ್ತಾ ಇದ್ದೀನಿ. ಪ್ರತಿ ಸಲವೂ ಹೊಸದಾಗಿ ಕಾಣುತ್ತೆ.”

“ಹೋದ ತಿಂಗಳೂ ಬಂದಿದ್ರಂತಲ್ಲ. ಯಾರೋ ತೀರಿಕೊಂಡಿದ್ರಂತ.”

ಅವರು ತಿರುಗಿ ನೋಡಿದರು. “ಯಾರು ಹೇಳಿದರು?”

“ನೀವೇ ಬರದೀರಿ. ಹದಿನಾಲ್ಕನೇ ತಾರೀಖು, ಮಸಣ ಖಿಡಕಿಯಿಂದ ಹೆಣದ ಹಿಂದ ಹೋದ್ರಿ. ಯಾವ ಬಾಗಿಲಿಂದ ಒಳಗ ಬಂದ್ರಿ ಸರ?”

“ನೀವು ಯಾರು?”

“ವಿಜಯೇಂದ್ರನ ಮೌಶಿ. ವತ್ಸಲಾನ ತಂಗಿ. ಯಾವ ಬಾಗಿಲಿಂದ?”

ಕೃಷ್ಣಪ್ರಸಾದ್ ಕೈಕೋಲಿನ ಹಿಡಿಯನ್ನು ಬಿಗಿಯಾಗಿ ಹಿಡಿದರು. “ಬರೆದಿದ್ದೀನಲ್ಲ. ಅದೇ ಖಿಡಕಿಯಿಂದ.”

“ನಾಲ್ಕು ಬಾಗಿಲು, ಐದು ಖಿಡಕಿ, ಒಂದೊಂದಕ್ಕೂ ಒಂದೊಂದು ಕೆಲಸ ಅಂದ್ರಿ. ಮಸಣ ಖಿಡಕಿ ಕೆಲಸ ಹೊರಗ ಕಳಿಸೋದಷ್ಟೇ. ಹೆಣದ ಹಿಂದ ಹೋದವರು ಆ ದಾರೀಲೆ ಮರಳಿ ಬರೂದಿಲ್ಲ. ಹೊಳ್ಯಾಗ ಮುಳುಗಿ, ಈಗ ನಾವು ನಿಂತೀವಲ್ಲ, ಈ ಪಠಾಣಪುರಾ ಬಾಗಿಲಿಂದ ಬರ್ತಾರ. ನಿಮಗ ಗೊತ್ತಿಲ್ಲದಿದ್ದರೂ ಜೊತಿಗಿದ್ದವರು ಹೆಗಲು ಹಿಡಿದು ತಿರುಗಿಸ್ತಿದ್ರು.” ಮೈತ್ರೇಯಿ ದನಿ ಏರಿಸಲಿಲ್ಲ. “ನೀವು ಆ ಹೆಣದ ಹಿಂದ ಹೋಗೇ ಇಲ್ಲ ಸರ. ಆವತ್ತು ಈ ಊರಿಗೂ ಬಂದಿಲ್ಲ.”

ಕೆಳಗೆ ಯಾರೋ ಪಾತ್ರೆ ತೊಳೆಯುವ ಸದ್ದು. ಕೃಷ್ಣಪ್ರಸಾದ್ ಕೈಪಿಡಿಗೋಡೆಯ ಮೇಲೆ ಕುಳಿತರು. ಅರವತ್ತೆಂಟರ ವಯಸ್ಸು ಒಮ್ಮೆಲೇ ಅವರ ಮುಖದ ಮೇಲೆ ಬಂದು ಕುಳಿತಿತು.

“ಕಲ್ಲಿನ ಅಳತೆಯೆಲ್ಲ ಬರೆದುಕೊಂಡೆ,” ಎಂದರು. “ಕಲ್ಲಿನ ಪಕ್ಕ ಕೂತವರನ್ನು ಒಂದು ಮಾತು ಕೇಳಲಿಲ್ಲ. ಮೂವತ್ತು ವರ್ಷ.”

“ಇಪ್ಪತ್ತಾರು ವರ್ಷದ ಹುಡುಗ ನಾಳೆ ಜೈಲಿಗೆ ಹೋಗ್ತಾನ. ಯಾಕ ಬರದ್ರಿ ಆ ಪತ್ರ? ಅಂವ ನಿಮ್ಮ ಶಿಷ್ಯ. ನಿಮ್ಮನ್ನ ದೇವರಂಗ ಕಾಣತಿದ್ದ.”

“ಅದಕ್ಕೇ ಬರೆದೆ.”

ಮೈತ್ರೇಯಿಗೆ ಅರ್ಥವಾಗಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖದಲ್ಲಿ ಸಿಟ್ಟೋ ಭಯವೋ ಇರುತ್ತದೆ. ಇವರ ಮುಖದಲ್ಲಿ ಇದ್ದದ್ದು ಹೊರೆ ಇಳಿಸಿದವನ ಆಯಾಸ.

“ಹದಿನಾರನೇ ತಾರೀಖು ಬೆಳಿಗ್ಗೆ ಅವನು ನಮ್ಮ ಮನೆಗೆ ಬಂದ. ಬಂದವನೇ ಕಾಲು ಹಿಡಿದುಕೊಂಡ. ‘ಸರ್, ನನ್ನನ್ನು ಕಂಡೆ ಅಂತ ಬರೆದುಕೊಡಿ’ ಅಂದ. ತಾರೀಖು, ಹೊತ್ತು, ಜಾಗ, ಕಂಕುಳಲ್ಲಿ ಸುರುಳಿ, ಎಲ್ಲ ಅವನೇ ಹೇಳಿದ. ಆ ಸಾವಿನ ಸುದ್ದಿ ನನಗೆ ಬಂದಿತ್ತು, ಹೋಗೋಕೆ ಆಗಿರಲಿಲ್ಲ. ಅದನ್ನು ನೆಪ ಮಾಡಿ ಸೇರಿಸಿದ್ದು ನಾನು. ತಪ್ಪಿದ್ದೂ ಅಲ್ಲೇ.”

“ತನ್ನ ಮ್ಯಾಲೆ ತಾನೇ ಸಾಕ್ಷಿ ಬರೆಸಿಕೊಂಡನೇನು?”

“ನಾನೂ ಬೈದೆ ಮೇಡಮ್. ಹುಚ್ಚು ಹಿಡಿದಿದೆಯೇ ಅಂದೆ. ‘ಆ ಹೊತ್ತಿಗೆ ಆ ಜಾಗದಲ್ಲಿ ಯಾರನ್ನಾದರೂ ಕಂಡವರಿದ್ದರೆ, ಅದು ನಾನೇ ಅಂತ ಇರಲಿ ಸರ್. ಇಲ್ಲದಿದ್ದರೆ ಬೇರೆಯವರ ಹೆಸರು ಬರುತ್ತೆ. ಆ ಹೆಸರು ಬಂದರೆ ನಾನು ಬದುಕೋದಿಲ್ಲ’ ಅಂದ. ಅವನ ಕಣ್ಣು ನೋಡಿದರೆ ಮಾಡಿಯೇ ಬಿಡೋ ಹಾಗಿತ್ತು.”

“ಯಾರ ಹೆಸರು?”

“ಕೇಳಿದೆ. ಹೇಳಲಿಲ್ಲ.” ಕೃಷ್ಣಪ್ರಸಾದ್ ಕೈಕೋಲಿನಿಂದ ಕಲ್ಲನ್ನು ಮೆಲ್ಲಗೆ ತಟ್ಟಿದರು. “ನಾಳೆ ಹನ್ನೊಂದಕ್ಕೆ ನಾನೇ ಬಂದು ಆ ಪತ್ರ ಸುಳ್ಳು ಅಂತೀನಿ. ನೀವು ಹೇಳಿದರೆ ಸಾಕು. ಆದರೆ ಆಮೇಲೆ ಅವರು ಕೇಳೋ ಮೊದಲ ಪ್ರಶ್ನೆ ಇದೇ. ಹಾಗಾದರೆ ಯಾರನ್ನು ಮುಚ್ಚಿಡೋಕೆ ಈ ಸುಳ್ಳು?”

ಗಾಳಿ ಬೀಸಿತು. ಅವಳು ಶಾಲನ್ನು ಎಳೆದು ಹೊದ್ದುಕೊಂಡಳು. ಬೆರಳಿಗೆ ಮೂಲೆಯ ಹೊಲಿಗೆ ತಾಕಿತು.

ಉದ್ದುದ್ದ ಹೊಲಿಗೆ. ಒರಟು ದಾರ.

ಅವಳು ಮೂಲೆಯನ್ನು ಮೇಲೆತ್ತಿ ಬಿಸಿಲಿಗೆ ಹಿಡಿದಳು. ಕೆಂಪು ಹೊಲಿಗೆ ಅಂಚಿನಿಂದ ಹೊರಟು ಸುತ್ತು ಸುತ್ತಾಗಿ ನಡುವಿಗೆ ಬಂದಿತ್ತು. ಅಕ್ಕ ಹೊಲಿದರೆ ಹೊಲಿದದ್ದೇ ಕಾಣಿಸುವುದಿಲ್ಲ. ಈ ಹೊಲಿಗೆಯನ್ನು ಅವಳು ಇವತ್ತು ಬೆಳಿಗ್ಗೆಯಷ್ಟೇ ನೋಡಿದ್ದಳು, ಒಂದು ಹೊರಸಿನ ಮೇಲೆ.

“ಮೇಡಮ್, ಏನಾಯಿತು?”

“ಬಸ್ಸು ಎಷ್ಟಕ್ಕ ಬಿಡ್ತದ ಸರ?”

“ಐದಕ್ಕೆ.”

“ನಾ ಬರೋತನಕ ಬಿಡಬ್ಯಾಡ್ರಿ,” ಎಂದು ಅವಳು ಮೆಟ್ಟಿಲಿಳಿದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಅವಳ ಅಜ್ಜಿ ಹೇಳುತ್ತಿದ್ದ ಗಾದೆ ನೆನಪಾಯಿತು. ಬೆಳಿಗ್ಗೆ ಐದೂವರೆಯಿಂದ ಅವಳು ಹುಡುಕುತ್ತಿದ್ದ ಸಾಕ್ಷಿ ಅವಳ ಹೆಗಲ ಮೇಲೆಯೇ ಕುಳಿತು ನೂರೈವತ್ತು ಕಿಲೋಮೀಟರು ಪ್ರಯಾಣ ಮಾಡಿತ್ತು. ದೊಡ್ಡ ಪತ್ತೇದಾರಿಣಿ ಎಂದು ತನ್ನನ್ನೇ ಬೈದುಕೊಂಡಳು. ಬೈಗುಳದ ಹಿಂದೆಯೇ ದುಃಖ ಒತ್ತರಿಸಿ ಬಂತು. ಹರಿದಿದೆ, ಬೇಡ ಎಂದು ಅಕ್ಕ ಕೈಚಾಚಿದ್ದು ಶಾಲಿಗಾಗಿ ಅಲ್ಲ.

ಗೋಡೆಯ ಪಕ್ಕದ ದಾರಿ ಈಗ ಉದ್ದವಾಗಿ ಕಂಡಿತು. ಬೆಳಿಗ್ಗೆ ಮೆಚ್ಚಿದ್ದ ಪ್ರತಿ ಬಾಗೂ ಈಗ ತಡಮಾಡುತ್ತಿತ್ತು. ಆದರೂ ಸಂಜೆಯ ಬಿಸಿಲಿಗೆ ಕಂದುಗಲ್ಲು ಬೆಲ್ಲದ ಬಣ್ಣಕ್ಕೆ ತಿರುಗಿದ್ದನ್ನು ಅವಳ ಕಣ್ಣು ನೋಡದೆ ಬಿಡಲಿಲ್ಲ. ಅಕ್ಕನೂ ಒಂದು ಭಾನುವಾರ ಇದೇ ಬಿಸಿಲಿನಲ್ಲಿ, ಇದೇ ದಾರಿಯಲ್ಲಿ, ಇದೇ ಶಾಲು ಹೊದ್ದು ನಡೆದಿರಬೇಕು.

ಕಲಾವತಿ ಸಾಮಾನು ಒಳಗಿಡುತ್ತಿದ್ದಳು. ಮೈತ್ರೇಯಿಯನ್ನು ಕಂಡು ಅಚ್ಚರಿಪಡಲಿಲ್ಲ.

“ಬರುತ್ತಿ ಅಂತ ಗೊತ್ತಿತ್ತು. ಬೆಳಿಗ್ಗೆ ಜನರಿದ್ದರು, ಅದಕ್ಕೇ ಸುಮ್ಮನಿದ್ದೆ.” ಅವಳು ಶಾಲಿನ ಮೂಲೆ ಹಿಡಿದು ಬೆರಳಾಡಿಸಿದಳು. “ಕಣ್ಣು ಮಂಜು ಬಾಯಿ, ಮುಖ ಸರಿಯಾಗಿ ಕಾಣಿಸುವುದಿಲ್ಲ. ಬೆಳಿಗ್ಗೆ ನೀಲಿ ಶಾಲು ಕಂಡೇ ಗುರುತು ಹಿಡಿದೆ. ನನ್ನ ಹೊಲಿಗೆ ನನ್ನ ಬೆರಳಿಗೆ ಗೊತ್ತು. ಆ ಕೊಂಡಿಗೆ ಸಿಕ್ಕಿ ಹರಿದಾಗ ಎಷ್ಟು ಅತ್ತೆ. ಶಾಲಿಗೆ ಯಾರಾದರೂ ಹಾಗೆ ಅಳುತ್ತಾರಾ ಅಂದುಕೊಂಡೆ.”

ತಾನು ಅವಳಲ್ಲ ಎಂದು ಹೇಳಬೇಕೆಂದು ಮೈತ್ರೇಯಿ ಬಾಯಿ ತೆರೆದಳು. ಮಾತು ಬೇರೆಯೇ ಬಂತು.

“ಅವತ್ತು ಕೊಟ್ಟದ್ದು ಎಲ್ಲಿದೆ ಅಜ್ಜೀ?”

ಕಲಾವತಿ ಒಳಗೆ ಹೋಗಿ ಹೊರಸಿನ ಮೇಲಿನ ಕೌದಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಬಂದಳು. ಹಳದಿ, ಹಸಿರು, ಕೆಂಪು ಹೊಲಿಗೆ. ಬೆಳಿಗ್ಗೆ ದೇಚಮ್ಮ ಬೆಲೆ ಕೇಳಿದ ಅದೇ ಕೌದಿ.

“ನೀನು ಹೇಳಿದ ಹಾಗೆ ಮಾಡಿದ್ದೇನೆ. ಆ ಹಳೇ ಬಣ್ಣದ ಬಟ್ಟೆ ಒಳಪದರಕ್ಕೆ ಹಾಕಿ, ಮೇಲೆ ಕೆಳಗೆ ಸೀರೆ ಕೊಟ್ಟು ಹೊಲಿದೆ. ಸೂಜಿ ಅದಕ್ಕೆ ತಾಗದ ಹಾಗೆ ಮೇಲಿನ ಸೀರೆಗಳನ್ನು ಮೊದಲೇ ಹೊಲಿದು, ಆಮೇಲೆ ಸುತ್ತಲೂ ಅಂಚನ್ನಷ್ಟೇ ಮುಚ್ಚಿದ್ದೇನೆ. ದೇವರಾಣೆ, ಅದರ ಮೇಲೆ ಏನಿದೆ ಅಂತ ನೋಡಿಲ್ಲ.”

ಮೈತ್ರೇಯಿ ಕೌದಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಐದು ವಾರ ಮೂರು ಮನೆಯವರ ನಿದ್ದೆ ಕೆಡಿಸಿದ ನಕ್ಷೆ ಅವಳ ಅಂಗೈ ಕೆಳಗಿತ್ತು. ಒಯ್ದುಕೊಟ್ಟರೆ ನಾಳೆ ವಿಜಯೇಂದ್ರ ಉಳಿಯುತ್ತಾನೆ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಅಕ್ಕ ಉಳಿಯುವುದಿಲ್ಲ. ಆದರೂ ಅಡುಗೆಮನೆ ಬಿಟ್ಟು ಹೊರಗೆ ನೂರು ಮಾತಾಡದ ವತ್ಸಲಾ, ಮಗನ ಅಂಗಿಯ ಜೇಬಿನಿಂದ ಬೀಗದ ಕೈ ತೆಗೆದುಕೊಂಡು, ಒಬ್ಬಳೇ ಬಸ್ಸು ಹತ್ತಿ ಇಲ್ಲಿಗೆ ಬರುವಂಥದ್ದು ಇದರಲ್ಲಿ ಏನಿತ್ತು?

“ಯಾಕೆ ಹೊಲಿಯಲು ಹೇಳಿದೆ ಅಂತ ನನಗೇ ಮರೆತುಹೋಗಿದೆ ಅಜ್ಜೀ,” ಎಂದಳು.

ಕಲಾವತಿ ಅವಳ ತಲೆ ಸವರಿದಳು. “ಅಂಥದ್ದು ಮರೆಯುತ್ತಾರಾ ತಾಯಿ? ‘ನನ್ನ ಮಗನ ತಪ್ಪು ಈ ಬಟ್ಟೆಯ ಮೇಲೆ ಇದೆ. ಸುಡಲು ಕೈ ಬರಲಿಲ್ಲ, ಇಷ್ಟು ಚಂದ ಇದೆ. ಆದರೆ ಯಾರ ಕಣ್ಣಿಗೂ ಬೀಳಬಾರದು’ ಅಂದಿದ್ದೆ. ನಾನೂ ಮಗನನ್ನು ಹೆತ್ತವಳು. ಮರುಮಾತಾಡದೆ ಹೊಲಿದೆ.”

ತಾಯಿ ಮಗನನ್ನು ಮುಚ್ಚಿಡಲು ಕದ್ದಿದ್ದಳು. ಅದು ಹೇಗೋ ತಿಳಿದ ಮಗ ತಾಯಿಯನ್ನು ಮುಚ್ಚಿಡಲು ಕಳ್ಳನಾಗಿದ್ದ. ಇಬ್ಬರನ್ನೂ ಉಳಿಸುತ್ತೇನೆಂದು ಹೊರಟು ಬಂದವಳ ತೊಡೆಯ ಮೇಲೆ ಇಬ್ಬರ ಗುಟ್ಟೂ ಬೆಚ್ಚಗೆ ಮಲಗಿತ್ತು. ನಕಲು ತೆಗೆಯುವ ಹುಡುಗನ ಕೈ ಆ ಬಟ್ಟೆಯ ಮೇಲೆ ಏನು ಮಾಡಿತ್ತೋ, ಹೊಲಿಗೆ ಬಿಚ್ಚದೆ ತಿಳಿಯುವಂತಿರಲಿಲ್ಲ.

ಗಲ್ಲಿಯ ಆ ತುದಿಯಿಂದ ಅಪ್ಪಣ್ಣ ಕೂಗುತ್ತಿದ್ದರು. “ಮೈತ್ರೇಯಿಯವರೇ, ಬಸ್ಸು ಹೊರಡ್ತಾ ಇದೆ. ಕೃಷ್ಣಪ್ರಸಾದ್ ಸರ್ ನಿಮ್ಮನ್ನೇ ಹುಡುಕ್ಕೊಂಡು ಬರ್ತಾ ಇದ್ದಾರೆ.” ಕೈಕೋಲಿನ ಟಕ್ ಟಕ್ ಸದ್ದು ಗೋಡೆಯ ಬಾಗಿನಲ್ಲಿ ಹತ್ತಿರವಾಗುತ್ತಿತ್ತು.

ಕಲಾವತಿ ಸೊಂಟದ ಚೀಲದಿಂದ ಕತ್ತರಿ ತೆಗೆದು, ಅದರ ತುದಿಯನ್ನು ಕೌದಿಯ ಅಂಚಿನ ಮೊದಲ ಕೆಂಪು ಹೊಲಿಗೆಯ ಕೆಳಗೆ ತೂರಿಸಿ, ಮಂಜುಗಣ್ಣನ್ನು ಮೇಲೆತ್ತಿದಳು.

“ಬಿಚ್ಚಲಾ, ಬಾಯಿ?”